ನವಜಲದ ಗಸಿ

ಮದುವೆಯ ಕಾರ್ಡಿನಲ್ಲಿ ವರನ ಹೆಸರು ಎರಡು ಕಡೆ ಇತ್ತು. ವಧುವಿನ ಹೆಸರು ಎಲ್ಲಿಯೂ ಇರಲಿಲ್ಲ.

ಮುದ್ರಣಾಲಯದ ಮಾಲೀಕ ಅಂದಾನಪ್ಪನವರು ಆ ಕಾರ್ಡು ಹಿಡಿದುಕೊಂಡು ಭಾನುವಾರ ಬೆಳಿಗ್ಗೆ ಮನೆಗೆ ಬಂದಾಗ ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಿತ್ತು. ಬಾಗಿಲು ತೆಗೆದ ವಿಶಾಲಾಕ್ಷಿಗೆ ಕಾರ್ಡು ಕೊಟ್ಟು, ದನಿ ತಗ್ಗಿಸಿ ಹೇಳಿದರು.

“ತಂಗಿ, ನಿನ್ನ ಗಂಡ ನನ್ನ ಪ್ರೆಸ್ಸಿನ್ಯಾಗ ಇಪ್ಪತ್ತಾರು ವರ್ಷ ಕರಡು ತಿದ್ದ್ಯಾನ. ಒಂದು ಒತ್ತಕ್ಷರ ತಪ್ಪಿದ್ರ ಆ ದಿನ ಊಟ ಮಾಡ್ತಿದ್ದಿಲ್ಲ. ಇದರ ಮ್ಯಾಲ ಸಹಿ ಹಾಕ್ಯಾನ ನೋಡವಾ. ನಾಕನೂರು ಕಾರ್ಡು ಹಂಚಿ ಮುಗದ ಮ್ಯಾಲ ಹೆಣ್ಣಿನ ಕಡೆಯವ್ರು ಬಂದು ಕುಂತಾರ.”

ವಿಶಾಲಾಕ್ಷಿ ಕಾರ್ಡನ್ನು ಒಳಗೆ ಒಯ್ದು ಗಂಡನ ಮುಂದೆ ಹಿಡಿದಳು. ಪಂಚಾಕ್ಷರಿ ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದ. ಮತ್ತೆ ಮೇಲಿನಿಂದ ಓದಿದ. ಅವನ ಕಣ್ಣರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು.

“ಸರಿ ಐತಲ್ಲ,” ಎಂದ.

“ಹೆಣ್ಣಿನ ಹೆಸರು ಎಲ್ಲೈತ್ರಿ?”

ಅವನು ಕಾರ್ಡು ತಿರುಗಿಸಿ ಹಿಂಬದಿಯನ್ನು ನೋಡಿದ. ಅಲ್ಲಿ ಗಣಪತಿಯ ಚಿತ್ರ ಮಾತ್ರ ಇತ್ತು. “ಇಲ್ಲೇ ಎಲ್ಲೋ ಇತ್ತು,” ಎಂದು ಹೇಳಿ, ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತ. ಸಿಡುಕಲಿಲ್ಲ, ನಾಚಲಿಲ್ಲ. ವಿಶಾಲಾಕ್ಷಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಐವತ್ತೆರಡಕ್ಕೇ ಮರೆವಿನ ಕಾಯಿಲೆ ಬರುತ್ತದೆಯೇ? ತನ್ನ ಮೇಲೇನಾದರೂ ಮುನಿಸೇ? ಅಥವಾ ಪ್ರೆಸ್ಸಿನ ಕೆಲಸವೇ ಬೇಸರ ಬಂದಿದೆಯೇ? ಕೇಳಿದರೆ ಅವನದು ಒಂದೇ ಉತ್ತರ: “ಆರಾಮ ಅದೀನಿ.”

ಅವಳು ಅಡುಗೆಮನೆಗೆ ಹೋಗಿ ಅವನ ತಾಮ್ರದ ಚೊಂಬಿಗೆ ನವಜಲ ತುಂಬಿ, ಒಂದು ಬಿಳಿ ಗುಳಿಗೆ ಹಾಕಿ ತಂದುಕೊಟ್ಟಳು. ಗುಳಿಗೆ ಬುರಬುರನೆ ನೊರೆ ಎಬ್ಬಿಸಿತು. ಪಂಚಾಕ್ಷರಿ ಅದನ್ನು ಗಟಗಟನೆ ಕುಡಿದ.

ನವಜಲ ಗದಗ-ಬೆಟಗೇರಿಗೆ ಬಂದು ಆಗಲೇ ಎರಡು ವರ್ಷವಾಗಿತ್ತು. ಅದಕ್ಕಿಂತ ಮೊದಲೂ ಓಣಿಗೊಂದು ಶುದ್ಧ ನೀರಿನ ಘಟಕ ಇತ್ತು. ಜನ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಂಡು ಹೋಗುತ್ತಿದ್ದರು. ಹೊಸದಾಗಿ ಗುತ್ತಿಗೆ ಹಿಡಿದ ಕಂಪನಿಯವರು ಆ ಮೂವತ್ತಾರು ಘಟಕಗಳಿಗೆ ಒಂದೊಂದು ಉಕ್ಕಿನ ಕೊಳವೆ ಜೋಡಿಸಿದರು. ಕೊಳವೆಯೊಳಗೆ ಮೆಗ್ನೀಸಿಯಮ್ಮಿನ ಹರಳು, ಜೊತೆಗೆ ಚೂರು ಹುಳಿ. ಹರಳು ನೀರಿಗೆ ಸೋಕಿದೊಡನೆ ಕರಗುತ್ತ ಹೈಡ್ರೋಜನ್ ಅನಿಲವನ್ನು ಬಿಟ್ಟುಕೊಡುತ್ತದೆ. ಆ ಅನಿಲ ಬೆರೆತ ನೀರು ದೇಹದ ಬೇಡದ ಕಾವನ್ನು ತಣಿಸುತ್ತದೆ, ಕೀಲುನೋವು ಕಳೆಯುತ್ತದೆ, ನೆನಪು ಚುರುಕಾಗಿಸುತ್ತದೆ, ಮೂತ್ರಪಿಂಡಕ್ಕೆ ಬಲ ಕೊಡುತ್ತದೆ ಎಂದು ಕಂಪನಿಯ ಕರಪತ್ರ ಹೇಳುತ್ತಿತ್ತು. ಮನೆಗೆ ಒಯ್ಯುವಷ್ಟರಲ್ಲಿ ಅನಿಲ ಸ್ವಲ್ಪ ಹಾರಿಹೋಗುವುದರಿಂದ ಚೊಂಬಿಗೊಂದು ಹಾಕಿಕೊಳ್ಳಲು ಗುಳಿಗೆಯನ್ನೂ ಕೊಡುತ್ತಿದ್ದರು. ಅದರಲ್ಲಿದ್ದದ್ದೂ ಅದೇ ಮೆಗ್ನೀಸಿಯಮ್.

ಪಂಚಾಕ್ಷರಿಗೆ ಸಕ್ಕರೆ ಕಾಯಿಲೆ ಹಳೆಯದು. ಅದರಿಂದ ಮೂತ್ರಪಿಂಡ ಅರ್ಧದಷ್ಟು ಸೋತಿದೆ, ಉಳಿದದ್ದನ್ನು ಜೋಪಾನ ಮಾಡಿ ಎಂದು ಡಾಕ್ಟರು ಎಂದೋ ಹೇಳಿದ್ದರು. ಹಾಗಾಗಿಯೇ ವಿಶಾಲಾಕ್ಷಿ ಎಲ್ಲರಿಗಿಂತ ಮೊದಲು ಅವನಿಗೆ ನವಜಲ ರೂಢಿ ಮಾಡಿಸಿದ್ದಳು. ಅವಳಿಗೆ ಆ ನೀರಿನ ಮೇಲೆ ನಂಬಿಕೆ ಇರಲು ಇನ್ನೊಂದು ಕಾರಣವೂ ಇತ್ತು. ಅದನ್ನು ನಡೆಸುವವಳು ಅವಳೇ.

ಹಳೆಯ ನೂಲಿನ ಗೋದಾಮೊಂದರಲ್ಲಿ ನವಜಲದ ನಿಯಂತ್ರಣ ಕೊಠಡಿ. ಗೋಡೆಯ ತುಂಬ ಪರದೆ, ಪರದೆಯ ಮೇಲೆ ಮೂವತ್ತಾರು ಚೌಕ, ಪ್ರತಿ ಚೌಕದಲ್ಲಿ ಆಯಾ ಘಟಕದ ನೀರಿನಲ್ಲಿರುವ ಹೈಡ್ರೋಜನ್ ಎಷ್ಟೆಂಬ ಅಂಕಿ. ಸಾಕಷ್ಟಿದ್ದರೆ ಹಸಿರು, ಇಳಿದರೆ ಕೆಂಪು. ಕೆಂಪಾದ ಚೌಕವನ್ನು ಬೆರಳಿನಿಂದ ಒತ್ತಿದರೆ ಅಲ್ಲಿನ ಕೊಳವೆಗೆ ಒಂದು ಅಳತೆ ಹರಳು ಬೀಳುತ್ತದೆ, ಗಳಿಗೆಯಲ್ಲಿ ಚೌಕ ಹಸಿರಾಗುತ್ತದೆ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಅವಳದು ಅದೇ ಕೆಲಸ. ಜೊತೆಗೆ ಜನರ ಫೋನು.

ಫೋನುಗಳೇ ಅವಳನ್ನು ಗೊಂದಲಕ್ಕೆ ಬೀಳಿಸುತ್ತಿದ್ದದ್ದು. ಒಬ್ಬ ಹೊಟ್ಟೆ ಸಡಿಲಾಗಿದೆ ಎನ್ನುತ್ತಿದ್ದ, ಇನ್ನೊಬ್ಬ ವರ್ಷಗಟ್ಟಲೆಯ ಮಲಬದ್ಧತೆ ಹೋಯಿತೆಂದು ಹರಸುತ್ತಿದ್ದ. ಒಬ್ಬಳಿಗೆ ಮೊಣಕಾಲು ಹಗುರ, ಅವಳ ಅಕ್ಕನಿಗೆ ಕಾಲಲ್ಲಿ ಬಲವೇ ಇಲ್ಲ. ಕಳೆದ ವಾರ ಮಗ್ಗದ ಓಣಿಯಿಂದ ಒಬ್ಬ ಸೊಸೆ ಫೋನು ಮಾಡಿದ್ದಳು.

“ಅಕ್ಕಾರ, ನಮ್ಮ ಅತ್ತಿ ಮುಂಜಾನಿಂದ ಸಂಜಿತನಕ ಬೈಯೋರು. ಈಗ ಎರಡು ತಿಂಗಳಾತು, ಸುಮ್ನ ಗ್ವಾಡಿಗೆ ಆತು ಕುಂತಿರ್ತಾರ. ನಿಮ್ಮ ನೀರಿಗೆ ಪುಣ್ಯ ಬರ್ಲಿ.”

ಆಗ ವಿಶಾಲಾಕ್ಷಿ ನಕ್ಕಿದ್ದಳು. ದೂರುಗಳ ಪುಸ್ತಕದಲ್ಲಿ ಇದನ್ನು ದೂರೆಂದು ಬರೆಯಬೇಕೋ ಮೆಚ್ಚುಗೆಯೆಂದು ಬರೆಯಬೇಕೋ ತಿಳಿಯದೆ ಬಿಟ್ಟುಬಿಟ್ಟಿದ್ದಳು.

ಸೋಮವಾರ ಅವಳು ಕೆಲಸಕ್ಕೆ ಬಂದಾಗ ಮೂವತ್ತಾರನೆಯ ಚೌಕ ಕೆಂಪಾಗಿತ್ತು. ಅದು ಮಗ್ಗದ ಓಣಿಯದೇ ಘಟಕ, ಊರಿನ ಕಟ್ಟಕಡೆಯದು. ಒತ್ತಿದಳು, ಹಸಿರಾಯಿತು. ಹತ್ತು ಗಂಟೆಗೆ ಮತ್ತೆ ಕೆಂಪು. ಮತ್ತೆ ಒತ್ತಿದಳು. ಹನ್ನೊಂದೂವರೆಗೆ ಮತ್ತೆ ಕೆಂಪು. ಇದು ಹೊಸದೇನಲ್ಲ. ಅಲ್ಲಿ ಜನ ಕಡಿಮೆ, ನೀರು ದೊಡ್ಡ ಪ್ಲಾಸ್ಟಿಕ್ ಟಾಕಿಯಲ್ಲಿ ದಿನವಿಡೀ ನಿಂತಿರುತ್ತದೆ. ಆದರೆ ಆವತ್ತು ಅವಳ ತಲೆಯಲ್ಲಿ ಮದುವೆಯ ಕಾರ್ಡು ಸುತ್ತುತ್ತಿತ್ತು. ಯಾವುದೂ ಸರಿಯಾಗಿ ಹೊಂದಿಕೆಯಾಗುತ್ತಿಲ್ಲ ಎಂಬ ಕಿರಿಕಿರಿಯಲ್ಲಿ ಅವಳು ಪಕ್ಕದ ಕೋಣೆಯ ಎಂಜಿನಿಯರ್ ಕುಬೇರ ದೊಡ್ಡಮನಿಯನ್ನು ಕರೆದಳು.

“ಸರ, ಇದಕ್ಕ ದಿನಾ ಏಳೆಂಟು ಸಲ ಹಾಕ್ತೀನಿ. ಹಾಕಿದ್ದೆಲ್ಲಾ ಎಲ್ಲಿ ಹೋಗ್ತೈತ್ರಿ?”

ಕುಬೇರನಿಗೆ ಮೂವತ್ತರ ಆಸುಪಾಸು. ಕೆಲಸ ಬಲ್ಲವನು, ಕೇಳಿದ್ದಕ್ಕೆ ತಾಳ್ಮೆಯಿಂದ ಹೇಳುವವನು. “ಹಾರಿ ಹೋಗ್ತೈತ್ರಿ ಅಕ್ಕಾರ. ಜಗತ್ತಿನ್ಯಾಗ ಹೈಡ್ರೋಜನ್‌ಗಿಂತ ಸಣ್ಣ ಅಣು ಇಲ್ಲ. ಪ್ಲಾಸ್ಟಿಕ್ ಟಾಕಿ ಅದಕ್ಕ ಜರಡಿ ಇದ್ದಂಗ. ಮುಚ್ಚಳ ಹಾಕಿದ್ರೂ ನಿಲ್ಲಂಗಿಲ್ಲ.”

“ಅದು ಹಾರಿತು. ಮೆಗ್ನೀಸಿಯಮ್?”

“ಅದು ಹಾರಂಗಿಲ್ರಿ. ನೀರಿನ್ಯಾಗ ಇರ್ತೈತಿ.”

ಅವನು ಅದನ್ನು ಸಹಜವಾಗಿಯೇ ಹೇಳಿದ. ವಿಶಾಲಾಕ್ಷಿ ಮೂವತ್ತಾರನೆಯ ಚೌಕವನ್ನೇ ನೋಡುತ್ತಿದ್ದಳು. ಒಂದು ಅಳತೆ ಹಾಕಿದಾಗ ಅನಿಲ ಹೋಯಿತು, ಲೋಹ ಉಳಿಯಿತು. ಎರಡನೆಯದರಲ್ಲೂ ಹಾಗೆಯೇ, ಮೂರನೆಯದರಲ್ಲೂ. ಮನೆಯ ಕ್ಯಾನಿನ ತಳದಲ್ಲಿ ಸುಣ್ಣದಂಥ ಬಿಳಿ ಗಸಿ ಕೂರುವುದು, ತಾನು ವಾರಕ್ಕೊಮ್ಮೆ ಅದನ್ನು ತೆಂಗಿನ ನಾರಿನಿಂದ ಉಜ್ಜುವುದು ನೆನಪಾಯಿತು.

“ಈ ಪರದೆ ಮ್ಯಾಲ ಅದರ ಅಂಕಿ ಎಲ್ಲೈತಿ?”

“ಇಲ್ರಿ. ಹೈಡ್ರೋಜನ್ ಅಷ್ಟ ಅಳೀತೈತಿ. ಮೆಗ್ನೀಸಿಯಮ್ ಆರೋಗ್ಯಕ್ಕ ಒಳ್ಳೇದ ಅಕ್ಕಾರ. ಹೆಚ್ಚಾದ್ರ ಹೊಟ್ಟಿ ಸ್ವಲ್ಪ ಸಡ್ಲ ಆಗ್ತೈತಿ. ಉಳಿದದ್ದು ಮೂತ್ರದಾಗ ಹೋಗಿಬಿಡ್ತೈತಿ.”

“ಮೂತ್ರಪಿಂಡ ಸರಿ ಇಲ್ಲದವ್ರಿಗೆ?”

“ನೋಡಿ ಹೇಳ್ತೀನ್ರಿ,” ಎಂದು ಕುಬೇರ ತನ್ನ ಕೋಣೆಗೆ ನಡೆದ. ನಡೆಯುವಾಗ ಒಮ್ಮೆ ನಿಂತು ತಿರುಗಿ ಪರದೆಯನ್ನು ನೋಡಿದ.

ಅಷ್ಟರಲ್ಲಿ ಅವಳ ಸ್ವಂತ ಫೋನು ಬಡಿದುಕೊಂಡಿತು. ಅಂದಾನಪ್ಪನವರು ಏದುಸಿರು ಬಿಡುತ್ತಿದ್ದರು. ಪಂಚಾಕ್ಷರಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಾನೆ, ಎಬ್ಬಿಸಿದರೆ ಏಳುತ್ತಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ನಸ್ರೀನ್ ಮುಲ್ಲಾ ಪಂಚಾಕ್ಷರಿಯ ಮೊಣಕಾಲಿನ ಕೆಳಗೆ ರಬ್ಬರಿನ ಸುತ್ತಿಗೆಯಿಂದ ಬಡಿದರು. ಕಾಲು ಚಿಮ್ಮಲಿಲ್ಲ. ಇನ್ನೊಂದು ಕಾಲಿಗೂ ಬಡಿದರು. ಅದೂ ಅಲುಗಲಿಲ್ಲ. ನಾಡಿ ನಿಮಿಷಕ್ಕೆ ಮೂವತ್ತೆಂಟು. ಸಕ್ಕರೆ ಸರಿಯಾಗಿತ್ತು. ತಲೆಯ ಸ್ಕ್ಯಾನಿನಲ್ಲಿ ರಕ್ತಸ್ರಾವವಿಲ್ಲ, ಗೆಡ್ಡೆಯಿಲ್ಲ. ಮೂತ್ರಪಿಂಡದ ಅಂಕಿ ಹೋದ ವರ್ಷಕ್ಕಿಂತ ತುಸು ಏರಿತ್ತು, ಆದರೆ ಮನುಷ್ಯ ಹೀಗೆ ಬಿದ್ದುಕೊಳ್ಳುವಷ್ಟಲ್ಲ.

“ನಿದ್ದಿ ಗುಳಿಗಿ ಏನರ ತಗೊಂತಾರೇನ್ರಿ?” ಡಾಕ್ಟರು ಕೇಳಿದರು. “ಮನಿಯಾಗ ಏನರ ಜಗಳ? ನನ್ನಿಂದ ಮುಚ್ಚಿಡಬ್ಯಾಡ್ರಿ. ಇವರಿಗೆ ಏನಾಗೈತಿ ಅಂತ ಖರೇನ ನನಗ ತಿಳೀವಲ್ದು.”

ತನ್ನ ತಲೆಯಲ್ಲಿರುವುದು ಹುಚ್ಚು ಅನುಮಾನವೋ ನಿಜವೋ ವಿಶಾಲಾಕ್ಷಿಗೂ ಗೊತ್ತಿರಲಿಲ್ಲ. ಕರಪತ್ರದಲ್ಲಿ ಬರೆದದ್ದೇ ಸರಿಯಿದ್ದರೆ? ಒಂದು ಮಾತಿನಿಂದ ಇಡೀ ಯೋಜನೆಗೆ ಕೆಟ್ಟ ಹೆಸರು ತಂದಂತಾದರೆ? ಗಂಡನ ಕೆಳತುಟಿ ಜೋತುಬಿದ್ದಿತ್ತು. ಎದೆ ಏರಿ ಇಳಿಯುವುದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ.

“ಮೆಗ್ನೀಸಿಯಮ್ ನೋಡ್ರಿ ಡಾಕ್ಟರ,” ಎಂದಳು. “ನವಜಲ ದಿನಾ ಮೂರು ಲೀಟರ್ ಕುಡೀತಾರ. ಚೊಂಬಿಗೆ ಒಂದು ಗುಳಿಗಿ ಹಾಕ್ತೀನಿ. ನಾ ಅಲ್ಲೇ ಕೆಲಸ ಮಾಡ್ತೀನ್ರಿ.”

ನಸ್ರೀನ್ ಅವಳ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ನರ್ಸಿಗೆ ರಕ್ತ ತೆಗೆಯಲು ಹೇಳಿ, ವರದಿಗೆ ಕಾಯದೆ ಕ್ಯಾಲ್ಸಿಯಮ್ಮಿನ ಇಂಜೆಕ್ಷನ್ ತರಿಸಿದರು. “ಮೆಗ್ನೀಸಿಯಮ್ ಹೆಚ್ಚಾದ್ರ ನರಕ್ಕೂ ಸ್ನಾಯುವಿಗೂ ಮಾತು ನಿಂತುಬಿಡ್ತೈತಿ. ಕ್ಯಾಲ್ಸಿಯಮ್ ಅದಕ್ಕ ಎದುರಾಳಿ. ನಿಮ್ಮ ಮಾತು ಖರೆ ಇದ್ರ ಈಗ ಗೊತ್ತಾಗ್ತೈತಿ.”

ಔಷಧಿ ನಿಧಾನವಾಗಿ ರಕ್ತನಾಳಕ್ಕಿಳಿಯಿತು. ಐದು ನಿಮಿಷ. ಎಂಟು ನಿಮಿಷ. ಯಂತ್ರದಲ್ಲಿ ನಾಡಿಯ ಅಂಕಿ ನಲವತ್ತನಾಲ್ಕಾಯಿತು, ಐವತ್ತೆರಡಾಯಿತು. ಪಂಚಾಕ್ಷರಿಯ ರೆಪ್ಪೆ ಅದುರಿತು. ಕಣ್ಣು ತೆರೆದು, ಮೇಲೆ ತಿರುಗುವ ಫ್ಯಾನನ್ನು ನೋಡಿ, ಬದಿಯಲ್ಲಿದ್ದ ಹೆಂಡತಿಯನ್ನು ನೋಡಿದ.

“ನೀ ಯಾಕ ಪ್ರೆಸ್ಸಿಗೆ ಬಂದಿ?” ಎಂದ.

ವಿಶಾಲಾಕ್ಷಿಗೆ ಒಳಗಿಂದ ಉಕ್ಕಿಬಂದದ್ದು ಸಂತೋಷವೆಂದು ಹೇಳುವುದು ಕಷ್ಟ. ಗಂಡ ಬದುಕಿದ್ದಾನೆ. ಹಾಗಾದರೆ ತನ್ನ ಅನುಮಾನ ನಿಜ. ಹಾಗಾದರೆ ದಿನವೂ ಅವನಿಗೆ ಅದನ್ನು ಕುಡಿಸಿದವಳು ತಾನು. ಮೂರೂ ಒಟ್ಟಿಗೆ ಬಂದು ನಿಂತವು, ಯಾವುದನ್ನು ಮೊದಲು ಹಿಡಿಯಬೇಕೆಂದು ಅವಳಿಗೆ ತಿಳಿಯಲಿಲ್ಲ.

ರಕ್ತದ ವರದಿ ಬಂತು. ಎರಡರ ಆಸುಪಾಸಿನಲ್ಲಿ ಇರಬೇಕಾದ ಮೆಗ್ನೀಸಿಯಮ್ ಒಂಬತ್ತು ದಾಟಿತ್ತು. ಇಂಜೆಕ್ಷನ್ ತಾತ್ಕಾಲಿಕ, ರಕ್ತ ಶುದ್ಧಿಯಾಗಬೇಕು ಎಂದು ನಸ್ರೀನ್ ಪಂಚಾಕ್ಷರಿಯನ್ನು ಡಯಾಲಿಸಿಸ್‌ಗೆ ಕಳಿಸಿದರು. ಹಾಸಿಗೆ ಹೊರಗೆ ಹೋದ ಮೇಲೆ ಅವರು ಬಾಗಿಲ ಬಳಿಯೇ ನಿಂತರು.

“ಈ ಪರೀಕ್ಷೆ ಯಾರೂ ಬರೆಯಂಗಿಲ್ರಿ,” ಎಂದರು. “ಎರಡು ತಿಂಗಳದಾಗ ಇಂಥಾ ನಾಕು ಮಂದಿ ಬಂದಿದ್ರು. ಸುಸ್ತು, ತೂಕಡಿಕಿ, ಮಾತು ತೊದಲೋದು. ವಯಸ್ಸಾಗೈತಿ ಅಂತ ಬರದು ಮನಿಗೆ ಕಳಿಸಿದೆ. ನಾನ ಕಳಿಸಿದೆ.”

“ಮಗ್ಗದ ಓಣಿಯವ್ರು ಇದ್ರೇನ್ರಿ?”

ನಸ್ರೀನ್ ಕಂಪ್ಯೂಟರಿನ ಮುಂದೆ ಕುಳಿತು ಹುಡುಕಿದರು. ನಾಲ್ವರಲ್ಲಿ ಮೂವರು ಮಗ್ಗದ ಓಣಿಯವರು. ಗೋಡೆಗೆ ಆತು ಸುಮ್ಮನೆ ಕೂರುವ ಆ ಅತ್ತೆ ವಿಶಾಲಾಕ್ಷಿಯ ಕಣ್ಣ ಮುಂದೆ ಬಂದರು. ಅವಳು ಅಂದಾನಪ್ಪನವರನ್ನು ಗಂಡನ ಬಳಿ ಕೂರಿಸಿ, ಆಟೋ ಹಿಡಿದು ಕೊಠಡಿಗೆ ಮರಳಿದಳು.

ಮೂವತ್ತಾರು ಚೌಕಗಳೂ ಹಸಿರಾಗಿದ್ದವು. ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಹರಳಿನ ಕೊಳವೆಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದಳು. ಇಪ್ಪತ್ತನೆಯದಕ್ಕೆ ಬಂದಾಗ ಕುಬೇರ ಓಡಿಬಂದ.

“ಏನ್ ಮಾಡಾಕತ್ತೀರಿ ಅಕ್ಕಾರ? ಮ್ಯಾಲಿನವ್ರಿಗೆ ಕೇಳದ?”

“ಕೇಳ್ರಿ ನೀವು. ಕೇಳೂತನಕ ಇದು ಬಂದ್ ಇರ್ಲಿ. ನಮ್ಮ ಮನಿಯವ್ರು ಡಯಾಲಿಸಿಸ್ ಮ್ಯಾಲ ಅದಾರ.”

ಕುಬೇರ ಅವಳ ಕೈ ಹಿಡಿಯಲೂ ಇಲ್ಲ, ಸರಿ ಎನ್ನಲೂ ಇಲ್ಲ. ಅವಳು ಮುಗಿಸುವವರೆಗೆ ನಿಂತಿದ್ದು, ಆಮೇಲೆ ತನ್ನ ಯಂತ್ರದಿಂದ ಒಂದು ಉದ್ದನೆಯ ಪಟ್ಟಿಯನ್ನು ತೆಗೆದು ತಂದ. ಯಾವ ಘಟಕಕ್ಕೆ ಯಾವತ್ತು ಎಷ್ಟು ಸಲ ಹರಳು ಬಿತ್ತು, ಒತ್ತಿದವರು ಯಾರು ಎಂಬ ಎರಡು ವರ್ಷದ ದಾಖಲೆ. ಹಗಲಿನ ಸಾಲುಗಳಲ್ಲೆಲ್ಲ ಅವಳದೇ ಹೆಸರು.

“ಇದು ಹೊರಗ ಹೋದ್ರ ಮೊದಲ ನಿಮ್ಮನ್ನ ಹಿಡೀತಾರ,” ಎಂದ.

“ಯಾವ ಓಣಿಗೆ ಹೆಚ್ಚು ಹೋಗೈತಿ ಅಂತ ಡಾಕ್ಟರಿಗೆ ಬೇಕಲ್ಲ,” ಎಂದು ಅವಳು ಪಟ್ಟಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಪರದೆಯ ಮೇಲೆ ಚೌಕಗಳು ಒಂದರ ಹಿಂದೊಂದು ಕೆಂಪಾಗತೊಡಗಿದ್ದವು. ಅರ್ಧ ಗಂಟೆಯಲ್ಲಿ ಫೋನು ಶುರುವಾಯಿತು. ನೀರು ಸಪ್ಪಗಿದೆ, ಗುಳ್ಳೆ ಇಲ್ಲ, ಏನಾಗಿದೆ? ಮೊಣಕಾಲು ಹಗುರಾಗಿದ್ದ ಹೆಂಗಸು ಅಳುತ್ತಲೇ ಕೇಳಿದಳು, ಮತ್ತೆ ಯಾವಾಗ ಬರುತ್ತದೆ ಎಂದು. ಅವಳದು ಸುಳ್ಳಲ್ಲ ಎಂದು ವಿಶಾಲಾಕ್ಷಿಗೆ ಅನಿಸಿತು. ಆ ಮೊಣಕಾಲಿನ ಗುಣ ಅನಿಲದ್ದೋ, ಲೋಹದ್ದೋ, ನಂಬಿಕೆಯದ್ದೋ, ಅದನ್ನು ಅಳೆಯುವ ಅಂಕಿಯೂ ಆ ಗೋಡೆಯ ಮೇಲೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಪಂಚಾಕ್ಷರಿ ದಿಂಬಿಗೆ ಒರಗಿ ಕುಳಿತಿದ್ದ. ಕಣ್ಣು ಪೂರ್ತಿ ತೆರೆದಿದ್ದವು. ಗೋಡೆಯ ಮೇಲಿನ ಆಸ್ಪತ್ರೆಯ ಸೂಚನಾಫಲಕವನ್ನು ನೋಡುತ್ತ, “ಮೂರನೇ ಸಾಲಿನ್ಯಾಗ ಒಂದು ದೀರ್ಘ ಬಿಟ್ಟಾರ,” ಎಂದ. ವಿಶಾಲಾಕ್ಷಿಗೆ ಎಷ್ಟೋ ತಿಂಗಳ ಮೇಲೆ ತನ್ನ ಗಂಡನ ದನಿ ಕೇಳಿದಂತಾಯಿತು.

ಅವಳು ಸ್ಟೂಲು ಎಳೆದುಕೊಂಡು ಕುಳಿತು ಎಲ್ಲವನ್ನೂ ಹೇಳಿದಳು. ಹರಳು, ಹಾರಿಹೋಗುವ ಅನಿಲ, ಉಳಿಯುವ ಲೋಹ. “ನಾನ ರೀ. ಕೈಯಾರ ದಿನಾ ಹಾಕಿ ಕೊಟ್ಟಿದ್ದು ನಾನ.”

ಪಂಚಾಕ್ಷರಿ ಕೈಯ ಮೇಲೆ ಅಂಟಿಸಿದ್ದ ಪಟ್ಟಿಯನ್ನು ಸವರುತ್ತಿದ್ದ.

“ನೀ ಒಂದು ಹಾಕ್ತಿದ್ದಿ,” ಎಂದ ಕೊನೆಗೆ. “ನಾ ಮೂರು ಹಾಕ್ತಿದ್ದೆ.”

“ಏನು?”

“ಶ್ರಾವಣದಾಗಿಂದ ನನಗ ಅಕ್ಷರ ಕೂಡ್ತಿದ್ದಿಲ್ಲ, ವಿಶಾಲಾ. ಓದಿದ್ದ ಸಾಲು ಮತ್ತ ಓದ್ತಿದ್ದೆ. ತಲಿ ಹೋತು, ಇನ್ನ ಕೆಲಸ ಹೋಗ್ತೈತಿ ಅಂತ ಹೆದರಿದೆ. ನಿನಗ ಹೇಳಾಕ ನಾಚಿಕಿ. ನೆನಪು ಚುರುಕಾಗ್ತೈತಿ ಅಂತ ಕರಪತ್ರದಾಗ ಇತ್ತಲ್ಲ. ಅದಕ್ಕ ಪ್ರೆಸ್ಸಿನ್ಯಾಗೂ ಒಂದು ಡಬ್ಬಿ ಇಟಗೊಂಡಿದ್ದೆ. ತಲಿ ಮಂಕಾದಾಗೆಲ್ಲ ಒಂದು ಹಾಕ್ಕೊಂಡು ಕುಡೀತಿದ್ದೆ. ಕುಡದಷ್ಟೂ ಮಂಕಾತು. ಮಂಕಾದಷ್ಟೂ ಕುಡದೆ.”

ವಿಶಾಲಾಕ್ಷಿ ಅವನ ಕೈ ಹಿಡಿದುಕೊಂಡಳು. ಆ ಕೈ ಬಿಸಿಯಾಗಿತ್ತು, ಹಿಡಿತ ಗಟ್ಟಿಯಾಗಿತ್ತು. ಇನ್ನು ಅಳುವುದೇ ಎನ್ನುವಾಗ ಅವಳಿಗೆ ಥಟ್ಟನೆ ಒಂದು ವಿಷಯ ಹೊಳೆಯಿತು, ಎದ್ದು ನಿಂತಳು. ಊರಿನಲ್ಲಿ ಮಂಕಾದವರು ಇವನೊಬ್ಬನೇ ಅಲ್ಲ. ಕೊಳವೆ ಮುಚ್ಚಿಯಾಯಿತು, ನೀರು ಸಪ್ಪಗಾಯಿತು. ಈಗ ಅವರೆಲ್ಲ ಏನು ಮಾಡುತ್ತಿರಬಹುದು? ಮನೆಯಲ್ಲಿರುವ ಡಬ್ಬಿಯಿಂದ ಒಂದರ ಬದಲು ಎರಡು ಗುಳಿಗೆ ಹಾಕಿಕೊಳ್ಳುತ್ತಿರಬಹುದು.

“ಹೋಗು,” ಎಂದ ಪಂಚಾಕ್ಷರಿ. ಅವಳು ಏನೂ ಹೇಳಿರಲಿಲ್ಲ.

ಮೈಕು ಕಟ್ಟಿದ್ದ ನಗರಸಭೆಯ ಕಸದ ಗಾಡಿ ಆಗಷ್ಟೇ ಬೆಳಗಿನ ಸುತ್ತು ಮುಗಿಸಿ ನಿಂತಿತ್ತು. ನಸ್ರೀನ್ ಆರೋಗ್ಯಾಧಿಕಾರಿಗೆ ಫೋನು ಮಾಡಿ ಅದನ್ನು ಕೊಡಲು ಒಪ್ಪಿಸಿದ್ದರು. ದಾರಿಯಲ್ಲಿ ಕುಬೇರ ತನ್ನ ಬೈಕು ನಿಲ್ಲಿಸಿ, ಕೇಳದೆಯೇ ಗಾಡಿಯ ಹಿಂದೆ ಹತ್ತಿ ನಿಂತ. ವಿಶಾಲಾಕ್ಷಿ ಡ್ರೈವರನ ಪಕ್ಕ ಕುಳಿತು ಮೈಕು ಹಿಡಿದಳು. ಮಗ್ಗದ ಓಣಿಯ ಮೂಲೆ ತಿರುಗಿದಾಗ ಅದರ ಗುಂಡಿ ಒತ್ತಿದಳು.

“ನವಜಲದ ಗುಳಿಗಿ ಯಾರೂ ಹಾಕ್ಕೋಬ್ಯಾಡ್ರಿ. ಮನಿಯಾಗ ಮೂತ್ರಪಿಂಡದ ತೊಂದ್ರಿ ಇದ್ದವ್ರು, ಸಕ್ಕರಿ ಕಾಯಿಲಿಯವ್ರು, ವಯಸ್ಸಾದವ್ರು ಬಾಳ ನಿದ್ದಿ ಮಾಡಾಕತ್ತಿದ್ರ, ಸುಮ್ನ ಕುಂತಿದ್ರ, ಈಗಿಂದೀಗ ದವಾಖಾನಿಗೆ ಕರಕೊಂಡು ಬರ್ರಿ.”

ಬಾಗಿಲುಗಳು ತೆರೆದವು. ಮಗ್ಗದ ಸದ್ದು ನಿಂತಿತು. ಜನ ಗಾಡಿಯ ಸುತ್ತ ಕೂಡಿದರು. ಅವರ ಮುಖಗಳಲ್ಲಿ ಸಿಟ್ಟಿಗಿಂತ ಹೆಚ್ಚು ಗೊಂದಲವಿತ್ತು. ನಿನ್ನೆಯವರೆಗೆ ತನ್ನ ತಲೆಯಲ್ಲಿದ್ದದ್ದೇ ಅದು ಎಂದು ವಿಶಾಲಾಕ್ಷಿಗೆ ಗುರುತು ಸಿಕ್ಕಿತು. ಒಬ್ಬ ಗಟ್ಟಿಮುಟ್ಟಾದ ನೇಕಾರ ಮುಂದೆ ಬಂದ.

“ಫೋನ್ ಮಾಡಿದಾಗ ದಿನಾ ಕುಡೀರಿ, ಏನೂ ಆಗಂಗಿಲ್ಲ ಅಂತಿದ್ದಾಕಿ ನೀನ ಅಲ್ಲೇನವಾ? ಇದ ದನಿ. ಈಗ ಬ್ಯಾಡ ಅಂತಿ. ನಾವು ಯಾವುದನ್ನ ನಂಬಬೇಕು?”

“ಹೌದ್ರಿ ಯಣ್ಣಾ, ನಾನ,” ಎಂದಳು ವಿಶಾಲಾಕ್ಷಿ, ಮೈಕನ್ನು ಬಾಯಿಂದ ಸರಿಸದೆಯೇ. ಇಡೀ ಓಣಿಗೆ ಕೇಳಿಸಿತು. “ನನಗ ಗೊತ್ತಿದ್ದಿಲ್ಲ. ನಮ್ಮ ಮನಿಯವ್ರಿಗೂ ನಾನ ಕುಡಿಸೀನಿ. ಅವರು ದವಾಖಾನ್ಯಾಗ ಅದಾರ, ಹೋಗಿ ನೋಡ್ರಿ. ನಿಮಗ ಏನೂ ಆಗಿಲ್ಲ ಅಂದ್ರ ನಿಮ್ಮ ಮೂತ್ರಪಿಂಡ ಗಟ್ಟಿ ಐತಿ. ಮನಿಯಾಗ ಎಲ್ಲಾರದೂ ಗಟ್ಟಿ ಐತೇನು?”

ನೇಕಾರ ಹಿಂದಕ್ಕೆ ತಿರುಗಿ ತನ್ನ ಮನೆಯ ಬಾಗಿಲನ್ನು ನೋಡಿದ. ಆಮೇಲೆ ಒಳಗೆ ಹೋದ.

ಆ ವಾರ ಹನ್ನೊಂದು ಜನ ಆಸ್ಪತ್ರೆ ಸೇರಿದರು. ಹತ್ತು ಜನ ನಡೆದುಕೊಂಡು ಮನೆಗೆ ಹೋದರು. ಮಗ್ಗದ ಓಣಿಯ ಒಬ್ಬ ಅಜ್ಜಿಯನ್ನು ಕರೆತರುವಷ್ಟರಲ್ಲಿ ತಡವಾಗಿತ್ತು. ಅವರ ಹೆಸರು ಗೌರವ್ವ. ವಿಶಾಲಾಕ್ಷಿ ಅವರ ಮನೆಗೆ ಹೋದಳು, ಸೊಸೆ ಬಾಗಿಲು ತೆರೆಯಲಿಲ್ಲ. ಮರುದಿನವೂ ಹೋದಳು. ಕಂಪನಿ ಅವಳನ್ನು ಕೆಲಸದಿಂದ ತೆಗೆಯಿತು, ವಿಚಾರಣೆ ಶುರುವಾಯಿತು, ಗುಳಿಗೆಯ ಡಬ್ಬಿಗಳನ್ನು ಮನೆಮನೆಯಿಂದ ವಾಪಸು ತರಿಸಿದರು. ಘಟಕಗಳಲ್ಲಿ ಮೊದಲಿನ ಬರೀ ನೀರು ಹರಿಯತೊಡಗಿತು. ನವಜಲವೇ ಚೆನ್ನಾಗಿತ್ತು ಎನ್ನುವವರು ಊರಲ್ಲಿ ಈಗಲೂ ಇದ್ದಾರೆ. ಅವರೊಡನೆ ವಿಶಾಲಾಕ್ಷಿ ವಾದಿಸುವುದಿಲ್ಲ.

ಮೂರನೆಯ ದಿನ ಗೌರವ್ವನ ಸೊಸೆ ಬಾಗಿಲು ತೆರೆದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹೊಸ್ತಿಲ ಮೇಲೆ ಕುಳಿತಳು. ವಿಶಾಲಾಕ್ಷಿಯೂ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು.

“ಬಾಳ ಬೈತಿದ್ರು,” ಎಂದಳು ಸೊಸೆ, ಬೀದಿಯ ಕಡೆ ನೋಡುತ್ತ. ಫೋನಿನಲ್ಲಿ ನೀರಿಗೆ ಪುಣ್ಯ ಬರಲಿ ಎಂದಿದ್ದ ದನಿಯೇ ಅದು. “ನನಗ ಅವರು ಸುಮ್ನಾಗಿದ್ದು ಬೇಕಾಗಿತ್ತು.”

ವಿಶಾಲಾಕ್ಷಿಗೆ ಎದ್ದು ಹೋಗಬೇಕೆಂದು ಅನಿಸಲಿಲ್ಲ. ಬಿಸಿಲು ಮೆಟ್ಟಿಲಿನವರೆಗೆ ಬರುವ ತನಕ ಇಬ್ಬರೂ ಅಲ್ಲಿಯೇ ಕುಳಿತಿದ್ದರು.